ತುಳಿಯದೆ ಬರೆದ ನೆಲ

ಹಳೆಯ ಮನೆಗಳ ನೆಲ ನೋಡಿ ಅದು ಯಾವ ಬಗೆಯದು, ಉಳಿಸಬಹುದೋ ಇಲ್ಲವೋ ಎಂದು ಹೇಳಲು ಜನ ನನ್ನನ್ನು ಕರೆಯುತ್ತಾರೆ. ಇದೂ ಒಂದು ಕೆಲಸವೇ ಎಂದು ನಗುವವರಿದ್ದಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ನಮ್ಮ ಗಡಿನಾಡಿನಲ್ಲಿ ಬತ್ತೇರಿಯಿಂದ ತೋಲ್ಪೆಟ್ಟಿಯವರೆಗೆ ಹಳೆ ಮನೆ, ಹಳೆ ಬಂಗಲೆ ಕೊಂಡು ಹೋಂಸ್ಟೇ ಮಾಡುವವರು ಹೆಚ್ಚಾಗಿದ್ದಾರೆ. ಅವರಿಗೆ ಗೋಡೆ, ಸೂರಿಗಿಂತ ನೆಲದ್ದೇ ಚಿಂತೆ. ಕಿತ್ತು ಹೊಸದು ಹಾಕಿದರೆ ಹಳೆಯ ಮನೆ ಎಂದು ಹೇಳಿಕೊಳ್ಳುವ ಹಾಗಿಲ್ಲ, ಹಾಗೇ ಬಿಟ್ಟರೆ ಬಂದವರು ಎಡವಿ ಬಿದ್ದಾರು ಎಂಬ ಭಯ.

ಕಳೆದ ತಿಂಗಳು ಒಬ್ಬರು ತಮ್ಮ ಬಂಗಲೆಯ ಹಜಾರದಲ್ಲಿದ್ದ ಹೂಬಳ್ಳಿಯ ಟೈಲ್ಸು ಇಟಲಿಯಿಂದ ಹಡಗಿನಲ್ಲಿ ಬಂದದ್ದು ಎಂದು ಕಾಫಿ ಕೊಟ್ಟು ಹೇಳಿದರು. ನಾನು ಕಾಫಿಯನ್ನು ನಿಧಾನವಾಗಿ ಕುಡಿದು ಮುಗಿಸಿ, ಅಡುಗೆಮನೆಯ ಮೂಲೆಯಲ್ಲಿ ಸಡಿಲವಾಗಿದ್ದ ಒಂದನ್ನು ಎಬ್ಬಿಸಿ ಬೆನ್ನು ತೋರಿಸಿದೆ. ನಮ್ಮ ಕರಾವಳಿಯದೇ ಕಾರ್ಖಾನೆಯ ಮುದ್ರೆ ಇತ್ತು. ಮಗ ಎಸ್ಸೆಸ್ಸೆಲ್ಸಿ ಫೇಲಾದ ಸುದ್ದಿ ಕೇಳಿದವರ ಹಾಗೆ ಅವರ ಮುಖ ಇಳಿಯಿತು. ಮಲಗುವ ಕೋಣೆಯಲ್ಲಿ ಜಮಖಾನದ ಅಡಿ ಚರ್ಮದಂಥ ಒಂದು ಹಾಸು ಸಿಕ್ಕಿತು. ಅಂಚು ಎತ್ತಿದರೆ ಹಿಂಬದಿಯಲ್ಲಿ ಗೋಣಿಯ ನೇಯ್ಗೆ, ಮೂಗಿಗೆ ಹಳಸಿದ ಅಗಸೆ ಎಣ್ಣೆಯ ವಾಸನೆ. ಲಿನೋಲಿಯಂ ಎಂದೆ. ಅದರಾಚೆಯ ಕೋಣೆಯಲ್ಲಿ ಗೇಣಗಲದ ಕಂದು ಬಿಲ್ಲೆಗಳಿದ್ದವು, ಅವುಗಳ ಅಡಿಯಲ್ಲಿ ಟಾರಿನಂಥ ಕಪ್ಪು ಅಂಟು. ಇದನ್ನು ಕೆರೆಯಬೇಡಿ, ಉಜ್ಜಬೇಡಿ, ಕೆಲಸದವರ ಕೈಲಿ ಕೀಳಿಸಲೂಬೇಡಿ ಎಂದೆ.

"ಯಾಕೆ? ಏನದು?" ಎಂದರು.

"ಕಲ್ನಾರು, ಆಸ್ಬೆಸ್ಟಾಸ್ ಅಂತಾರಲ್ಲ, ಅದು ಬೆರೆತದ್ದಿರಬಹುದು, ಇಲ್ಲದೆಯೂ ಇರಬಹುದು. ಅದರ ಧೂಳು ಉಸಿರಿಗೆ ಹೋದರೆ ಕೆಟ್ಟದ್ದು. ಚೂರೊಂದನ್ನು ಪರೀಕ್ಷೆಗೆ ಕಳಿಸಿ. ಕಣ್ಣಲ್ಲಿ ನೋಡಿ ಹೇಳಲು ನನಗೆ ಗೊತ್ತಾಗುವುದಿಲ್ಲ."

ಗೊತ್ತಾಗುವುದಿಲ್ಲ ಎಂಬ ಮಾತು ನನ್ನ ಬಾಯಿಗೆ ಬಂದದ್ದು ತಡವಾಗಿ. ಅದು ಬರುವುದಕ್ಕೆ ಇನ್ನೊಬ್ಬರ ಮನೆಯ ನೆಲ ಹಾಳಾಗಬೇಕಾಯಿತು. ಆ ನೆಲದ ವಿಷಯವನ್ನು ಈವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ಹೇಳಿದಾಗೆಲ್ಲ ನನ್ನ ಪಾಲನ್ನು ಸ್ವಲ್ಪ ಚಿಕ್ಕದು ಮಾಡಿಯೇ ಹೇಳಿದ್ದೇನೆ.

ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಕಲ್ಲೂರಿನಲ್ಲಿ ನೆಲೆನಿಂತ ಗಾರೆ ಕೆಲಸದವರು. ಕೆಂಪು ಗಾರೆ, ಕರಿ ಗಾರೆ ನೆಲಕ್ಕೆ ಅವರ ಕೈ ಹೆಸರಾಗಿತ್ತು. ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಕುಕ್ಕುರುಗಾಲಲ್ಲಿ ಕೂತು ಕರಣೆಯಿಂದ ಉಜ್ಜುತ್ತಾ ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಂದ ಹೊರಬೀಳುತ್ತಿದ್ದರು. ಮನೆಯೊಡೆಯರು ನೆಲದಲ್ಲಿ ಮುಖ ನೋಡಿಕೊಂಡರೆ ಮಾತ್ರ ಅವರಿಗೆ ಸಮಾಧಾನ. ರಜಾ ದಿನಗಳಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಶಾಲೆಯಲ್ಲಿ ನಾನು ಕಲಿತದ್ದು ಮಲಯಾಳ, ಕನ್ನಡದ ಅಕ್ಷರ ಕಲಿತದ್ದು ಅಪ್ಪ ಒದ್ದೆ ಸಿಮೆಂಟಿನ ಮೇಲೆ ಮೊಳೆಯಲ್ಲಿ ಬರೆದು ಮತ್ತೆ ಅಳಿಸುತ್ತಿದ್ದಾಗ.

ನೆಲದ ಪಾಠವೂ ಹಾಗೆಯೇ ಸಿಕ್ಕಿತು. ಹೊಸ್ತಿಲಿನ ಅಂಚಿನಲ್ಲಿ ನೆಲದ ದಪ್ಪ ಕಾಣುತ್ತದೆ, ಬಾಗಿಲು ಉಜ್ಜುವ ಜಾಗದಲ್ಲಿ ಮೇಲಿನ ಬಣ್ಣ ಸವೆದು ಒಳಗಿನದು ಕಾಣುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಚಪ್ಪಲಿ ಬಿಟ್ಟು ನಿಲ್ಲಬೇಕು. ಸಿಮೆಂಟು ಅಂಗಾಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಮಣ್ಣು ಹಾಗೆ ಮಾಡುವುದಿಲ್ಲ. "ಕಣ್ಣು ಸುಳ್ಳು ಹೇಳ್ತದ, ಅಂಗಾಲು ಹೇಳಲ್ಲ" ಎನ್ನುತ್ತಿದ್ದರು ಅಪ್ಪ. ಅವರು ಹೋದ ಮೇಲೆ ಈ ಮಾತನ್ನು ನಾನು ನಾಲ್ಕು ಜನರ ಮುಂದೆ ಹೇಳಿ ಹೇಳಿ ಹೆಸರು ಮಾಡಿಕೊಂಡೆ. ಹೇಳುವುದು ಸುಲಭ, ಚಪ್ಪಲಿ ಬಿಡುವುದೇ ಕಷ್ಟ.

ಕೆಲವು ವರ್ಷಗಳ ಹಿಂದೆ ಪಂಚಾಯತಿಯಿಂದ ಮನೆಗಳ ಸರ್ವೆ ನಡೆಯಿತು. ಯಾರಿಗೆ ಹೊಸ ಮನೆ ಕಟ್ಟಿಸಿಕೊಡಬೇಕು, ಯಾರ ಮನೆಗೆ ದುರಸ್ತಿ ಸಾಕು ಎಂದು ಗೊತ್ತುಮಾಡುವ ಸರ್ವೆ. ಮುತ್ತಂಗದ ಕಾಡಿನಂಚಿನ ಹಾಡಿಗಳಲ್ಲಿ ಇರುವವರು ಕಾಟ್ಟುನಾಯ್ಕರು, ಗಡಿಯ ಆಚೆ ಕಡೆ ಜೇನುಕುರುಬರು ಎನ್ನುತ್ತಾರಲ್ಲ, ಆ ಜನ. ಅವರ ಮನೆಮಾತು ನಮ್ಮ ಕನ್ನಡಕ್ಕೆ ಬಲು ಹತ್ತಿರ. ಹಿಂದೆ ಹೋದ ಸರ್ವೆಯವರು ಅವರ ಮಾತು ಸರಿಯಾಗಿ ತಿಳಿಯದೆ ಏನೇನೋ ಬರೆದುಕೊಂಡು ಬಂದಿದ್ದರಂತೆ. ಈ ಸಲ ಮಾತು ಗೊತ್ತಿರುವವರೇ ಹೋಗಲಿ, ತಪ್ಪಾಗಬಾರದು ಎಂದು ನನ್ನನ್ನು ಆರಿಸಿದರು. ನನ್ನ ಜೊತೆಗೆ ಬೇರೆ ವಾರ್ಡಿನ ಅಂಗನವಾಡಿ ಟೀಚರೊಬ್ಬರು. ನನಗಿಂತ ಹಿರಿಯರು, ಮಲಯಾಳಿ, ಮಾತು ಕಡಿಮೆ.

ಫೋನಿನಲ್ಲಿ ಪ್ರಶ್ನೆಗಳು ಬರುತ್ತಿದ್ದವು. ಅವುಗಳಲ್ಲಿ ಮೂರು ಮುಖ್ಯ: ಸೂರು ಏನು, ಗೋಡೆ ಏನು, ನೆಲ ಏನು. ಮೂರರಲ್ಲಿ ಎರಡು ಗಟ್ಟಿ ಎಂದಾದರೆ ಆ ಮನೆ ವಾಸಯೋಗ್ಯ, ದುರಸ್ತಿಯ ಪಟ್ಟಿಗೆ ಹೋಗುತ್ತದೆ. ಎರಡು ಕಚ್ಚಾ ಎಂದಾದರೆ ಹೊಸ ಮನೆಯ ಪಟ್ಟಿಗೆ. ಉತ್ತರದ ಮೇಲೆ ಬೆರಳು ಒತ್ತಿದರೆ ಮುಗಿಯಿತು, ಮುಂದಿನ ಪ್ರಶ್ನೆ. ನೆಲದ ಪ್ರಶ್ನೆ ಬಂದಾಗೆಲ್ಲ ಟೀಚರ್ ಫೋನನ್ನು ನನ್ನ ಕಡೆ ಚಾಚುತ್ತಿದ್ದರು. ನನಗೂ ಕೋಡು ಮೂಡಿತ್ತು ಎನ್ನಿ. ಬಾಗಿಲಲ್ಲಿ ನಿಂತು ಒಂದು ನೋಟ ಹಾಯಿಸಿ, ಮಣ್ಣು, ಮುಂದೆ ನಡೀರಿ ಎನ್ನುತ್ತಿದ್ದೆ.

ಆ ಹಾಡಿಯ ಕೊನೆಯ ಮನೆ ಒಬ್ಬ ಅವ್ವನದು. ಅರವತ್ತರ ಆಸುಪಾಸು, ಸಣ್ಣ ಮೈಕಟ್ಟು, ಬಲಗೈಯ ಅಂಗೈ ಮಾತ್ರ ಗಂಡಸರದ್ದರ ಹಾಗೆ ಗಡುಸು. ಜೊತೆಯಲ್ಲಿ ಮಗಳು, ಐದು ತಿಂಗಳ ಬಸುರಿ. ಅಳಿಯ ಕೊಡಗಿನ ತೋಟಕ್ಕೆ ಕೂಲಿಗೆ ಹೋದವನು ತಿಂಗಳಿಗೊಮ್ಮೆ ಬರುತ್ತಿದ್ದ. ಹುಲ್ಲಿನ ಸೂರು ತೆಗೆದು ಹಂಚು ಹೊದಿಸಿದ್ದು ಹಿಂದಿನ ಯಾವುದೋ ಯೋಜನೆಯಲ್ಲಿ. ಗೋಡೆ ಬಿದಿರ ತಟ್ಟಿಗೆ ಮಣ್ಣು ಮೆತ್ತಿದ್ದು. ಹಿಂದಿನ ವರ್ಷ ಆನೆಯೊಂದು ಮೈ ಉಜ್ಜಿ ಹೋದ ಮೇಲೆ ಹಿಂಬದಿಯ ಗೋಡೆ ಹೊರಕ್ಕೆ ಬಾಗಿ, ಎರಡು ಬಿದಿರ ಗಳು ಆನಿಸಿ ನಿಲ್ಲಿಸಿದ್ದರು. ಇನ್ನೊಂದು ದೊಡ್ಡ ಮಳೆಗೆ ಅದು ನಿಲ್ಲುವುದಿಲ್ಲ ಎಂಬುದು ಯಾರಿಗಾದರೂ ಕಾಣುತ್ತಿತ್ತು. ಹಂಚು ಗಟ್ಟಿಯ ಲೆಕ್ಕ, ಗೋಡೆ ಕಚ್ಚಾ. ಉಳಿದದ್ದು ನೆಲ. ಆ ಮನೆಯ ಹಣೆಬರಹವೆಲ್ಲ ನೆಲದ ಮೇಲೆ ನಿಂತಿತ್ತು.

ಸರ್ವೆಯವರು ಬರುತ್ತಾರೆಂದು ಹಾಡಿಗೆಲ್ಲ ಹಿಂದಿನ ದಿನವೇ ಸುದ್ದಿ ಹೋಗಿತ್ತು. ಮನೆಗೆ ಜನ ಬರುತ್ತಾರೆಂದರೆ ಅಲ್ಲಿಯವರು ಮಾಡುವ ಮೊದಲ ಕೆಲಸ ನೆಲ ಸಾರಿಸುವುದು. ನಾವಾದರೂ ಅಷ್ಟೇ, ನೆಂಟರು ಬರುವ ದಿನ ಕಸ ಬಿಟ್ಟುಕೊಂಡು ಕೂರುತ್ತೇವೆಯೇ. ಎಲ್ಲ ಅಂಗಳಗಳಲ್ಲೂ ಹಸಿ ಸಗಣಿಯ ವಾಸನೆ ತುಂಬಿತ್ತು. ಅವ್ವ ನಮ್ಮನ್ನು ಕಂಡವರೇ ಕೈ ಅಡ್ಡ ಮಾಡಿದರು.

"ಈಗ ತಾನೆ ತೀಡಿವ್ನಿ ಕೂಸೇ. ಒಣಗೋಗಂಟ ತುಳಿಬಾರ್ದು. ಜಗ್ಲಿ ಮ್ಯಾಲ ಕುಂತ್ಕಳಿ, ಚಾಯ ಕಾಸ್ತೀನಿ."

ಜಗಲಿಗೆ ಹಂಚು ಹೊದಿಸಿದ ಕಾಲದಲ್ಲೇ ಸಿಮೆಂಟು ಬಳಿದಿದ್ದರು. ನಾನು ಅದರ ಮೇಲೆ ಕೂತು ಕತ್ತು ಚಾಚಿ ಒಳಗೆ ನೋಡಿದೆ. ಕಪ್ಪು ನೆಲ. ಒಂದು ಬಿರುಕಿಲ್ಲ, ಒಂದು ಗುಳಿಯಿಲ್ಲ. ಬಾಗಿಲಿಂದ ಹೋದ ಬೆಳಕು ಅದರಲ್ಲಿ ನೀರಿನ ಹಾಗೆ ನಿಂತಿತ್ತು, ಒಳಗೋಡೆಗೆ ಒರಗಿಸಿಟ್ಟ ಮಡಕೆಯ ನೆರಳು ಕೂಡ ಕಾಣುತ್ತಿತ್ತು. ಜಗಲಿಯ ಸಿಮೆಂಟು ಹೊಸ್ತಿಲಿನವರೆಗೆ ಬಂದಿತ್ತು, ಹೊಸ್ತಿಲಿನ ಆಚೆಯಿಂದ ಆ ಕಪ್ಪು ಶುರುವಾಗಿತ್ತು. ನನ್ನ ಮನಸ್ಸು ಎರಡನ್ನೂ ಕೂಡಿಸಿತು. ಜಗಲಿ ಮಾಡಿದವರೇ ಒಳಗೂ ಕರಿ ಗಾರೆ ಹಾಕಿದ್ದಾರೆ, ಅವ್ವ ರೂಢಿಗೆ ಅದರ ಮೇಲೂ ತೀಡಿದ್ದಾರೆ, ಪರವಾಗಿಲ್ಲ, ಒಳ್ಳೆಯ ಕೈ ಎಂದುಕೊಂಡೆ. ಅಪ್ಪನ ಕೆಲಸದ ನೆನಪೂ ಬಂತು.

ಟೀಚರ್ ಮಲಯಾಳದಲ್ಲಿ ಮೆಲ್ಲಗೆ ಹೇಳಿದರು, "ಒಣಗುವವರೆಗೆ ಕಾದು ಒಳಗೆ ಹೋಗಿ ನೋಡೋಣವೇ? ಮಣ್ಣೂ ಇರಬಹುದು."

"ಮಣ್ಣಿಗೆ ಈ ಹೊಳಪು ಎಲ್ಲಿಂದ ಬರಬೇಕು ಟೀಚರೇ? ನಾನು ಗಾರೆಯವರ ಮಗಳು" ಎಂದೆ. ಇನ್ನೂ ಐದು ಮನೆ ಬಾಕಿ ಇದ್ದವು ಇನ್ನೊಂದು ಹಾಡಿಯಲ್ಲಿ. ಬಿಸಿಲು ಏರಿತ್ತು. ಟೀಚರ್ ಫೋನನ್ನು ನನ್ನ ಕಡೆ ಚಾಚಿದರು. ನಾನು ಸಿಮೆಂಟು ಎಂದು ಇದ್ದಲ್ಲಿ ಬೆರಳು ಒತ್ತಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಇದೆ. ಕರ್ರಗಿರುವುದೆಲ್ಲ ಸಿಮೆಂಟಲ್ಲ ಎಂದು ಯಾರೂ ಗಾದೆ ಮಾಡಿಟ್ಟಿರಲಿಲ್ಲ.

ಅವ್ವ ಕರಿ ಚಹಾ, ಬೇಯಿಸಿದ ಕಾಡುಗೆಣಸು ತಂದಿಟ್ಟು ಕೇಳಿದರು, "ಏನ್ ಬರ್ಕಂಡೆ ಕೂಸೇ?"

"ನಿಮ್ಮ ನೆಲ ಭಾರಿ ಚೆನ್ನಾಗಿ ಅದ ಅಂತ ಬರ್ಕಂಡೆ ಅವ್ವ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಗಳ ಕಡೆ ತಿರುಗಿ, "ಕೇಳ್ಸತಾ? ನೆಲ ಚೆಂದಾಗದ ಅಂತ" ಎಂದರು. ಆಮೇಲೆ ಗಂಭೀರವಾಗಿ ನನ್ನ ಹತ್ತಿರ ಕೂತು, "ಹಿಂದ್ಗಡೆ ಗ್ವಾಡೆ ನೋಡ್ದಲ್ಲ. ಇವಳು ಹೆರಿಗೆ ಆಗಿ ಬರೋವತ್ಗೆ ಮಳೆ ಹಿಡಿತದ. ಹೊಸ ವೀಡು ಸಿಗ್ತದಲ್ವ?" ಎಂದು ಕೇಳಿದರು. ಅಲ್ಲಿ ಮನೆಗೆ ವೀಡು ಎನ್ನುವುದೇ ರೂಢಿ. ಸಿಗುತ್ತದೆ ಎಂದೆ. ಹಾಗೆ ಹೇಳುವಾಗ ನನಗೆ ನನ್ನ ಬೆರಳು ಏನು ಒತ್ತಿದೆ ಎಂಬುದರ ನೆನಪೇ ಇರಲಿಲ್ಲ. ಬಾಗಿದ ಗೋಡೆ ಅಷ್ಟು ದೊಡ್ಡದಾಗಿ ಕಣ್ಣ ಮುಂದಿತ್ತು.

ನಾಲ್ಕು ತಿಂಗಳ ಮೇಲೆ ಪಂಚಾಯತಿಯ ಗೋಡೆಗೆ ಪಟ್ಟಿ ಅಂಟಿಸಿದರು. ಆ ಹಾಡಿಯ ಉಳಿದ ಮನೆಗಳೆಲ್ಲ ಹೊಸ ಮನೆಯ ಪಟ್ಟಿಯಲ್ಲಿದ್ದವು. ಅವ್ವನ ಮನೆ ದುರಸ್ತಿಯ ಪಟ್ಟಿಯಲ್ಲಿತ್ತು. ದುರಸ್ತಿ ಎಂದರೆ ಹಂಚು ಬದಲಿಸುವುದು, ಸುಣ್ಣ ಹೊಡೆಯುವುದು. ಆ ಗೋಡೆಗೆ ಸುಣ್ಣ ಹೊಡೆಯಲು ಏಣಿ ಒರಗಿಸಿದರೆ ಗೋಡೆಯೇ ಕೂತುಬಿಡುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಯಾರೋ ಆಫೀಸಿನಲ್ಲಿ ಕೂತವರು ಎಡವಟ್ಟು ಮಾಡಿದ್ದಾರೆ ಎಂದು ಬೈದುಕೊಳ್ಳುತ್ತಾ ಟೀಚರಿಗೆ ಫೋನ್ ಮಾಡಿದೆ.

ಅವರು, "ನೆಲ ಸಿಮೆಂಟು ಅಂತ ಹಾಕಿದ್ದು ನಾವೇ ಅಲ್ಲವೇ?" ಎಂದರು. ನಾವೇ ಎಂದರು, ನೀವೇ ಎನ್ನಲಿಲ್ಲ. ಅದು ಅವರ ದೊಡ್ಡತನ.

ಸಿಮೆಂಟು ಇದ್ದರೆ ಸಿಮೆಂಟು ಅಂತಲೇ ಹಾಕಬೇಕಲ್ಲ ಎಂದು ನಾನು ವಾದಿಸಿದೆ. ಆದರೂ ಮರುದಿನ ಬೆಳಿಗ್ಗೆಯೇ ಹಾಡಿಗೆ ಹೋದೆ.

ಅವ್ವ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದರು. ಮಗಳಿಗೆ ಹೆರಿಗೆಯಾಗಿ ಹದಿನೈದು ದಿನವಾಗಿತ್ತಂತೆ, ಹೆಣ್ಣುಮಗು. ಒಳಗೆ ಮಲಗಿದೆ, ಹೋಗಿ ನೋಡು ಎಂದರು. ಮಗುವನ್ನು ನೋಡಲು ಹೋಗುವವರು ಚಪ್ಪಲಿ ಹಾಕಿಕೊಂಡು ಹೋಗುವುದುಂಟೇ. ಜಗಲಿಯ ಕೆಳಗೆ ಬಿಟ್ಟೆ. ಹೊಸ್ತಿಲು ದಾಟಿ ಎಡಗಾಲು ಇಟ್ಟೆ.

ಅಷ್ಟು ಸಾಕಾಯಿತು. ಜಗಲಿಯ ಸಿಮೆಂಟು ಬೆಳಗಿನ ಥಂಡಿಗೆ ಕೊರೆಯುತ್ತಿತ್ತು, ಒಳಗಿನ ನೆಲ ಕೊರೆಯಲಿಲ್ಲ. ಅಂಗಾಲಿಗೆ ಅದು ಮೆತ್ತಗೆ, ಬೆಚ್ಚಗೆ ತಾಗಿತು. ಬಗ್ಗಿ ಬಾಗಿಲು ಉಜ್ಜುವ ಜಾಗ ನೋಡಿದೆ. ಕಪ್ಪು ಸವೆದು ಕೆಂಪು ಮಣ್ಣು ಕೂದಲೆಳೆಯಷ್ಟು ಇಣುಕುತ್ತಿತ್ತು. ಮಗುವಿನ ಮುಖ ನೋಡಲು ಹೋದವಳು ನೆಲ ನೋಡುತ್ತಾ ನಿಂತುಬಿಟ್ಟೆ. ಅಂದು ಅರ್ಧ ಗಂಟೆ ಕಾದಿದ್ದರೆ, ಒಂದೇ ಒಂದು ಹೆಜ್ಜೆ ಒಳಗಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

"ಇದನ್ನ ಹೆಂಗೆ ಮಾಡಿದ್ರಿ ಅವ್ವ?" ಎಂದು ಕೇಳಿದೆ.

ಅವರು ಸಂತೋಷದಿಂದಲೇ ಹೇಳಿದರು. ಸಣ್ಣವರಿದ್ದಾಗ ತಾಯಿಯ ಜೊತೆ ಜಮೀನುದಾರ ಚೆಟ್ಟಿಯವರ ದೊಡ್ಡ ದೊಡ್ಡ ಮನೆಗಳಿಗೆ ನೆಲ ತೀಡಲು ಹೋಗುತ್ತಿದ್ದರಂತೆ, ಈಗಲೂ ಕರೆದರೆ ಹೋಗುತ್ತಾರಂತೆ. ಹುತ್ತದ ಮಣ್ಣನ್ನು ಜರಡಿ ಹಿಡಿದು ಮರದ ಕೊಡತಿಯಿಂದ ಬಡಿಯುವುದು. ಅದರ ಮೇಲೆ ತೆಂಗಿನ ಚಿಪ್ಪು ಸುಟ್ಟ ಕರಿ, ಸಗಣಿ, ತೊಗಟೆ ನೆನೆಸಿದ ಲೋಳೆನೀರು. ಆಮೇಲೆ ಹೊಳೆಯ ನುಣುಪುಗಲ್ಲಿನಿಂದ ಉಜ್ಜುವುದು, ದಿನಗಟ್ಟಲೆ. ತಿಂಗಳಿಗೊಮ್ಮೆ ಮತ್ತೆ ಒಂದು ಕೈ. ಈ ನೆಲಕ್ಕೆ ಅವರು ಮೂವತ್ತು ವರ್ಷದಿಂದ ಹಾಗೆ ಮಾಡುತ್ತಾ ಬಂದಿದ್ದರು. ಆ ಗಡುಸು ಅಂಗೈ ಎಲ್ಲಿಂದ ಬಂತೆಂದು ಆಗ ತಿಳಿಯಿತು.

"ನೋಡಿದವ್ರು ಸಿಮೆಂಟು ಅಂತಾರ" ಎಂದು ನಕ್ಕರು. "ಸಿಮೆಂಟು ಎಲ್ಲಿಂದ ತರಾನ ಕೂಸೇ ನಾವು."

ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: "ಪಟ್ಟಿಯಲ್ಲಿ ಏನೋ ತಪ್ಪಾಗಿದೆ ಅವ್ವ, ಸರಿ ಮಾಡ್ಸೋಣ." ತಪ್ಪಾಗಿದೆ ಎಂದೆ, ಮಾಡಿದ್ದೇನೆ ಎನ್ನಲಿಲ್ಲ. ಅವರು ಬೆದರಿದರು. ಬೆದರಿದವರು ನನ್ನ ಕೈಯನ್ನೇ ಹಿಡಿದುಕೊಂಡು, ನೀನು ಇರೋದ್ರಿಂದ ಧೈರ್ಯ ಎಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಪಟ್ಟಿ ತಿದ್ದಲು ಅರ್ಜಿ ಬರೆದುಕೊಟ್ಟೆ. ಮೂರು ವಾರ ಓಡಾಡಿದ ಮೇಲೆ ಪಂಚಾಯತಿಯ ಓವರ್‌ಸಿಯರ್ ನೋಡಲು ಬಂದರು. ಕೆಟ್ಟವರೇನಲ್ಲ, ಅವಸರದವರು. ಅವರು ಬರುತ್ತಾರೆಂದು ಅವ್ವ ಮತ್ತೆ ನೆಲ ತೀಡಿದ್ದರು. ನಾನು ಬೇಡವೆನ್ನುವಷ್ಟರಲ್ಲಿ ಕೆಲಸ ಮುಗಿದುಹೋಗಿತ್ತು. ಅಧಿಕಾರಿಯೊಬ್ಬರು ಮನೆಗೆ ಬರುವಾಗ ನೆಲ ತೀಡಬೇಡಿ ಎಂದರೆ ಅವರಿಗೆ ಅರ್ಥವಾಗುತ್ತಲೂ ಇರಲಿಲ್ಲ.

ಓವರ್‌ಸಿಯರ್ ಶೂ ಹಾಕಿಕೊಂಡೇ ಜಗಲಿಯ ಮೇಲೆ ನಿಂತು ಒಳಗೆ ಇಣುಕಿದರು. "ಇದು ಮಣ್ಣೇ? ನನ್ನ ಮನೆಯ ನೆಲಕ್ಕಿಂತ ಚೆನ್ನಾಗಿದೆ" ಎಂದರು ಮಲಯಾಳದಲ್ಲಿ. ನಾನು ಮಣ್ಣೇ ಎಂದು ಒತ್ತಿ ಹೇಳಿದೆ. ಅವರು ಕಾಗದ ತಿರುವಿ ಹಾಕಿ, "ಅಲ್ಲಮ್ಮ, ಸಿಮೆಂಟು ಅಂತ ಬರೆದವರು ನೀವೇ. ಈಗ ಮಣ್ಣು ಅನ್ನುವವರೂ ನೀವೇ. ನೆಲ ಗೊತ್ತಿರುವವರು ಅಂತ ನಿಮ್ಮನ್ನು ಎಲ್ಲರೂ ಕರೆಯುತ್ತಾರೆ. ನಾನು ಯಾವ ಮಾತು ನಂಬಲಿ?" ಎಂದರು.

ಅವ್ವನಿಗೆ ಮಲಯಾಳ ನನಗಿಂತ ಚೆನ್ನಾಗಿ ಬರುತ್ತದೆ. ಅವರು ನನ್ನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸಬರನ್ನು ನೋಡುವ ಹಾಗೆ, ಇವಳು ಯಾರ ಮಗಳಿರಬಹುದು ಎಂದು ಗುರುತು ಹಿಡಿಯುವವರ ಹಾಗೆ ನೋಡಿದರು.

"ಸೋಮವಾರ ಬರುತ್ತೇನೆ. ಒಂದು ಕಡೆ ಅಗೆದು ಇಡಿ. ಮಣ್ಣು ಕಂಡರೆ ಮಣ್ಣು ಅಂತ ಬರೆಯುತ್ತೇನೆ" ಎಂದು ಓವರ್‌ಸಿಯರ್ ಹೊರಟರು.

ಅವರ ಜೀಪು ಹೋದ ಮೇಲೆ ನಾನು ಅವ್ವನ ಮುಂದೆ ನಿಂತು ಹೇಳಿದೆ, "ತಪ್ಪು ನಂದೇ ಅವ್ವ. ಒಳಗೆ ಕಾಲಿಡದೆ ಬರ್ದೆ."

"ನಾನೇ ಬಿಡ್ನಿಲ್ಲವಲ್ಲ" ಎಂದರು. ಆಮೇಲೆ, "ಕಾಯ್ಬೌದಿತ್ತು" ಎಂದರು.

ಒಲೆಯ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಅಗೆದರೆ ಸಾಕು, ಯಾರ ಕಣ್ಣಿಗೂ ಬೀಳುವುದಿಲ್ಲ, ಸೋಮವಾರ ಬೆಳಿಗ್ಗೆ ನಾನೇ ಅಪ್ಪನ ಉಳಿ ತಂದು ಅಂಚು ಕೆಡದಂತೆ ತೆಗೆಯುತ್ತೇನೆ, ಅವರು ನೋಡಿ ಹೋದ ಮೇಲೆ ಮುಚ್ಚಿಬಿಡೋಣ ಎಂದೆ. ಅವ್ವ ಆಯ್ತು ಎಂದರು. ಕೂಸೇ ಎನ್ನಲಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಚೀಲದಲ್ಲಿ ಉಳಿ, ಸಣ್ಣ ಸುತ್ತಿಗೆ, ಮುಚ್ಚಲು ಬೇಕೆಂದು ಜರಡಿ ಹಿಡಿದ ಮಣ್ಣು. ಅಂಗಳಕ್ಕೆ ಕಾಲಿಡುವಾಗಲೇ ಏನೋ ಸರಿಯಿಲ್ಲ ಅನಿಸಿತು. ಪಾತ್ರೆ, ಚಾಪೆ, ಮಡಕೆಗಳೆಲ್ಲ ಹೊರಗೆ ಮರದ ಕೆಳಗಿದ್ದವು. ಮಗಳು ಮಗುವನ್ನು ಎತ್ತಿಕೊಂಡು ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದಳು. ಅವ್ವ ಬಾಗಿಲಲ್ಲಿ ಹಾರೆ ಊರಿಕೊಂಡು ನಿಂತಿದ್ದರು, ಸೀರೆಯ ಅಂಚೆಲ್ಲ ಕೆಂಪು ಧೂಳು.

ಒಳಗೆ ನೋಡಿದೆ. ನೆಲ ಇರಲಿಲ್ಲ. ಗೋಡೆಯಿಂದ ಗೋಡೆಗೆ, ಒಲೆಯ ಬುಡದಿಂದ ಹೊಸ್ತಿಲಿನವರೆಗೆ ಒಂದು ಅಂಗೈಯಗಲವನ್ನೂ ಬಿಡದೆ ಅಗೆದಿದ್ದರು. ಗೆಣಸು ಕಿತ್ತ ಹೊಲದ ಹಾಗಿತ್ತು. ಒಂದು ಹೆಂಟೆ ಎತ್ತಿಕೊಂಡೆ. ಒಡೆದ ಅಂಚಿನಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಒಂದರ ಮೇಲೊಂದು ಕಪ್ಪು ಗೆರೆ, ಎಣಿಸಲಾರದಷ್ಟು. ಇಂಥ ಅಂಚು ನೋಡಿ ನೆಲದ ವಯಸ್ಸು ಹೇಳುವುದು ನನ್ನ ಕಸುಬು.

"ಎರಡು ದಿನ ಹಿಡಿತು" ಎಂದರು ಅವ್ವ. "ಭಾರಿ ಗಟ್ಟಿ ಇತ್ತು."

"ಯಾಕವ್ವ? ಒಂದು ಮೂಲೆ ಸಾಕು ಅಂದಿದ್ನಲ್ಲ."

"ಮೂಲೆ ಅಗುದ್ರ, ಮೂಲೆ ಮಾತ್ರ ಮಣ್ಣು ಅಂತ ಬರದ್ಬುಟ್ರ?"

ಅವರು ಕೊಂಕು ಆಡಲಿಲ್ಲ. ನಿಜವಾಗಿಯೂ ಕೇಳಿದರು. ಹಾಗೆ ಬರೆಯುವುದಿಲ್ಲ ಎಂದು ಹೇಳಲು ನನಗೆ ಯಾವ ಮುಖವೂ ಇರಲಿಲ್ಲ. ಹೆಂಟೆಯನ್ನು ಇದ್ದಲ್ಲೇ ಇಟ್ಟೆ. ಕಣ್ಣೀರು ಬಂತು, ಅದಕ್ಕೆ ಅವ್ವನೇ ಸಮಾಧಾನ ಹೇಳಬೇಕಾದೀತು ಎಂದು ಹೊರಗೆ ಹೋಗಿ ಮುಖ ತೊಳೆದುಕೊಂಡೆ.

ಓವರ್‌ಸಿಯರ್ ಹನ್ನೊಂದಕ್ಕೆ ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಇಷ್ಟೆಲ್ಲ ಬೇಕಿರಲಿಲ್ಲ ಎಂದು ನನಗೆ ಮಾತ್ರ ಕೇಳುವಂತೆ ಅಂದರು. ಫೋಟೋ ತೆಗೆದರು, ಕಾಗದದಲ್ಲಿ ಸಿಮೆಂಟು ಎಂಬುದನ್ನು ಹೊಡೆದು ಮಣ್ಣು ಎಂದು ಬರೆದು ಸಹಿ ಹಾಕಿದರು. ಅವ್ವನ ಹೆಬ್ಬೆಟ್ಟು ತೆಗೆದುಕೊಂಡರು. ಎರಡು ನಿಮಿಷದ ಕೆಲಸ. ಹೆಸರು ಹೊಸ ಮನೆಯ ಪಟ್ಟಿಗೆ ಬರುತ್ತದೆ, ಆದರೆ ಈ ಸಲದ ಪಟ್ಟಿ ಆಗಲೇ ಮೇಲೆ ಹೋಗಿದೆ, ಮುಂದಿನದರಲ್ಲಿ ಎಂದರು. ಮುಂದಿನದು ಯಾವಾಗ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಮಳೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಹಾಡಿಯ ಗಂಡಸರು ಸೇರಿ ಹಿಂಬದಿಯ ಗೋಡೆಗೆ ಇನ್ನೂ ನಾಲ್ಕು ಗಳು ಆನಿಸಿದರು. ಅಗೆದ ನೆಲ ಹಾಗೇ ಇದ್ದರೆ ಕೆಳಗಿನಿಂದ ತೇವ ಏರುತ್ತದೆ, ಬಾಣಂತಿ, ಎಳೆಮಗು ಹೇಗೆ ಮಲಗಬೇಕು. ನಾನು ಅವ್ವನ ಹತ್ತಿರ ಕೂತು, ಒಂದು ವಾರ ಇಲ್ಲೇ ಬಂದಿರುತ್ತೇನೆ, ಇಬ್ಬರೂ ಸೇರಿ ಬಡಿದು, ಕರಿ ಎಳೆದು, ಕಲ್ಲಲ್ಲಿ ಉಜ್ಜಿಬಿಡೋಣ, ಉಜ್ಜುವುದು ನನಗೂ ಬರುತ್ತದೆ ಎಂದೆ. ಬೇಡಿಕೊಂಡೆ ಎಂದರೂ ಸರಿಯೇ.

ಅವರು ತಲೆಯಾಡಿಸಿದರು.

"ಬ್ಯಾಡ. ಮತ್ತ ಹೊಳಪು ಬಂದ್ಬುಡ್ತದ. ವೀಡು ಸಿಕ್ಕೋಗಂಟ ಇನ್ಯಾರಾರ ನೋಡಕ್ಕ ಬಂದ್ರ ಏನ್ ಮಾಡದು?"

ಇನ್ನು ಯಾರೂ ಬರುವುದಿಲ್ಲ ಅವ್ವ ಎಂದೆ. ಅವರು ನನ್ನನ್ನು ನೋಡಿ, ನಾನು ಹೇಳಿದ್ದನ್ನು ಕೇಳಿಸಿಕೊಂಡವರಂತೆ ತಲೆದೂಗಿ, ಹಾರೆಯನ್ನು ಗೋಡೆಗೆ ಒರಗಿಸಿಟ್ಟರು. ಹೆಂಟೆಗಳನ್ನು ಕಾಲಿನಿಂದ ಸ್ವಲ್ಪ ಸಮ ಮಾಡಿ ಅದರ ಮೇಲೆ ಗೋಣಿ ಹಾಸಿದರು, ಗೋಣಿಯ ಮೇಲೆ ಚಾಪೆ.

ಮನೆ ಬಂದದ್ದು ಎರಡು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ ನಾನು ಹೋದಾಗೆಲ್ಲ ಆ ಮನೆಯ ನೆಲ ಹಾಗೇ ಇತ್ತು. ಮಗುವಿಗೆ ಮೈಮೇಲೆಲ್ಲ ತೇವದ ಗುಳ್ಳೆಗಳೆದ್ದವು, ಆರಿದವು, ಮತ್ತೆ ಎದ್ದವು. ಚೆಟ್ಟಿಯವರ ಮನೆಗಳಿಗೆ ಹೋಗಿ ನೆಲ ತೀಡಿ ಬರುತ್ತಿದ್ದ ಅವ್ವ ತಮ್ಮ ಮನೆಯ ನೆಲಕ್ಕೆ ಒಂದು ದಿನವೂ ಕಲ್ಲು ಮುಟ್ಟಿಸಲಿಲ್ಲ. ನಮ್ಮಂಥವರು ಯಾರಾದರೂ ನೋಡಲು ಬಂದಾರು ಎಂಬ ಭಯಕ್ಕೆ.